ಗೂಡಿನ ಮಾರುಕಟ್ಟೆ ನೆನೆದರೆ ಎದೆ ನಡುಗುತ್ತದೆ, ರೇಷ್ಮೆ ಬಿಟ್ಟುಬಿಡಲೇ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ, ವಯಸ್ಸು 41. ಎರಡು ಎಕರೆ ಹಿಪ್ಪುನೇರಳೆ ತೋಟವಿದೆ. ಮನೆಯಲ್ಲಿ ಹೆಂಡತಿ, ಹತ್ತನೇ ತರಗತಿಯ ಮಗಳು ಮತ್ತು ವಯಸ್ಸಾದ ತಾಯಿ ಇದ್ದಾರೆ. ಎಂಟು ತಿಂಗಳ ಹಿಂದೆ ಗೂಡು ಮಾರಲು ಹೋಗಿದ್ದಾಗ, ಹರಾಜು ನಡೆಯುತ್ತಿರುವಾಗಲೇ ಎದೆ ಹೊಡೆದುಕೊಂಡು, ಕೈಬೆರಳು ಜೋಮು ಹಿಡಿದು, ಉಸಿರು ಸಿಕ್ಕದೆ, ಸತ್ತೇಹೋದೆ ಎನಿಸಿತು. ಬೆಂಗಳೂರಿನಲ್ಲಿ ಇಸಿಜಿ, ಎಕೋ ಎಲ್ಲ ಮಾಡಿಸಿದೆವು. ಹೃದಯ ಚೆನ್ನಾಗಿದೆ, ಗ್ಯಾಸ್ಟ್ರಿಕ್ ಇರಬಹುದು ಎಂದರು. ಆಮೇಲೆ ನಾಲ್ಕು ಸಲ ಹಾಗೆಯೇ ಆಗಿದೆ, ಒಮ್ಮೆ ಬಸ್ಸಿನಲ್ಲಿ. ಈಗ ಮಾರುಕಟ್ಟೆಗೆ ಬಾಮೈದನನ್ನು ಕಳುಹಿಸುತ್ತೇನೆ. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಟಾರ್ಚ್ ಹಿಡಿದು ಹುಳುಮನೆಗೆ ಹೋಗುತ್ತೇನೆ. ಕೊಳವೆಬಾವಿಗೆ ಮಾಡಿದ ಸಾಲದಲ್ಲಿ ಅರ್ಧ ಮಾತ್ರ ಹೆಂಡತಿಗೆ ಗೊತ್ತು. ಪರಿಚಯದ ಮೆಡಿಕಲ್ ಅಂಗಡಿಯವರು ಕೊಟ್ಟ ಸಣ್ಣ ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆ, ಅದಿಲ್ಲದ ದಿನ ಸ್ವಲ್ಪ ಕುಡಿಯುತ್ತೇನೆ. ಒಮ್ಮೊಮ್ಮೆ ಇದ್ದೂ ಏನು ಪ್ರಯೋಜನ ಎನಿಸುತ್ತದೆ. ಮನೋವೈದ್ಯರ ಬಳಿ ಹೋದರೆ ಊರಿನಲ್ಲಿ ಹುಚ್ಚ ಎನ್ನುತ್ತಾರೆ, ನಾಳೆ ಮಗಳ ಸಂಬಂಧಕ್ಕೂ ತೊಂದರೆ. ರೇಷ್ಮೆ ಬಿಟ್ಟು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಲೇ?

ಉತ್ತರ: ಸಹೋದರರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ರೇಷ್ಮೆ ಬಿಡಬೇಕೋ ಬೇಡವೋ ಎಂಬ ತೀರ್ಮಾನವನ್ನು ಈಗ ಮಾಡಬೇಡಿ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿದಾಗ, ನೀವು ಏನು ಮಾಡುತ್ತೀರಿ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅದು ತಲೆಯೆತ್ತಿ ಅಲುಗಾಡದೆ ನಿಂತಿರುವಷ್ಟು ಹೊತ್ತು ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಹಾಸಿಗೆ ಒಣಗಿರಲೆಂದು ಮೇಲೆ ಒಂದಿಷ್ಟು ಸುಣ್ಣದ ಪುಡಿ ಉದುರಿಸಿ, ಎಲ್ಲ ಹುಳುಗಳೂ ಎದ್ದ ಮೇಲೆ ಮುಂದಿನ ಕೆಲಸಕ್ಕೆ ಕೈಹಾಕುತ್ತೀರಿ. ನೀವೀಗ ಜ್ವರಕ್ಕೆ ಕೂತಿದ್ದೀರಿ. ಹೊಲ, ಸಾಲ, ಮನೆ ಎಲ್ಲವನ್ನೂ ಒಂದೇ ಸಲ ಬದಲಿಸುವಂಥ ನಿರ್ಧಾರವನ್ನು ಈ ಸ್ಥಿತಿಯಲ್ಲಿ ತೆಗೆದುಕೊಂಡರೆ, ಆ ನಿರ್ಧಾರ ನಿಮ್ಮದಾಗಿರುವುದಿಲ್ಲ, ನಿಮ್ಮ ಭಯದ್ದಾಗಿರುತ್ತದೆ. ಎರಡು ಬೆಳೆ ಕಳೆಯಲಿ, ಆಮೇಲೆ ಕೂತು ಲೆಕ್ಕ ಹಾಕೋಣ.

ಅದಕ್ಕಿಂತ ಮೊದಲು ಆಡಬೇಕಾದ ಮಾತೊಂದಿದೆ. ‘ಇದ್ದೂ ಏನು ಪ್ರಯೋಜನ’ ಎಂದು ಪತ್ರದ ನಡುವೆ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ಆದರೆ ನಾನು ಆ ಸಾಲನ್ನು ದಾಟಿ ಹೋಗಲಾರೆ. ಆ ಯೋಚನೆ ಬಂದ ದಿನ ಒಬ್ಬರೇ ಇರಬೇಡಿ, ಕುಡಿಯಬೇಡಿ. ತೋಟದ ಔಷಧಿ, ಹುಳುಮನೆಗೆ ಹೊಡೆಯುವ ದ್ರಾವಣ ಇವುಗಳನ್ನೆಲ್ಲ ಇಂದೇ ಒಂದು ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಮನೆಯವರ ಕೈಗೆ ಕೊಡಿ. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ, ಹಗಲಿರಲಿ ಇರುಳಿರಲಿ, ಕನ್ನಡದಲ್ಲಿಯೇ ಮಾತನಾಡುವ ಆಪ್ತಸಮಾಲೋಚಕರು ಸಿಗುತ್ತಾರೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ನಡೆಯುತ್ತಿದೆ, ಕರೆಗೆ ಹಣವಿಲ್ಲ. ಆ ಯೋಚನೆ ಬಲವಾಗಿ, ಹೇಗೆ ಎಂಬ ದಾರಿಯವರೆಗೂ ಹೋದರೆ ಫೋನನ್ನೂ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಇನ್ನು ಮಾರುಕಟ್ಟೆಯಲ್ಲಿ ಅಂದು ನಿಮಗೇನಾಯಿತು ಎಂಬ ವಿಷಯ. ನಮ್ಮ ಕಡೆ ಹಿರಿಯರು ತೆಲುಗಿನಲ್ಲಿ ‘ಗುಂಡೆ ದಡ’ ಎನ್ನುತ್ತಿದ್ದುದಕ್ಕೆ ಈಗ ಎಲ್ಲರೂ ಒಂದೇ ಹೆಸರಿಟ್ಟಿದ್ದಾರೆ, ಗ್ಯಾಸ್ಟ್ರಿಕ್. ಸಾಲಕ್ಕೂ ಗ್ಯಾಸ್ಟ್ರಿಕ್, ಸಂಕಟಕ್ಕೂ ಗ್ಯಾಸ್ಟ್ರಿಕ್. ನೀವು ಬರೆದಿರುವ ಲಕ್ಷಣಗಳನ್ನು ಓದಿದರೆ ಅದು ತೀವ್ರ ಗಾಬರಿಯ ದಾಳಿಯಂತೆ, ಅಂದರೆ ವೈದ್ಯರು ಪ್ಯಾನಿಕ್ ಅಟ್ಯಾಕ್ ಎನ್ನುವಂಥದ್ದರಂತೆ, ಕಾಣುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಪಾಯ ಬಂತೆಂದು ತಿಳಿದು ಅಡ್ರಿನಲಿನ್ ಸುರಿಸುತ್ತವೆ, ಓಡಲು ಬೇಕಾದ ರಕ್ತವನ್ನು ಕಾಲಿಗೂ ತೋಳಿಗೂ ತಳ್ಳಲು ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ವೇಗವಾಗುತ್ತದೆ. ಓಡುವ ಕೆಲಸವಿಲ್ಲದೆ ಉಸಿರು ಮಾತ್ರ ಹೆಚ್ಚಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು, ಬೆರಳು ಜೋಮು ಹಿಡಿಯುತ್ತದೆ, ತಲೆ ಸುತ್ತುತ್ತದೆ, ಗಾಳಿ ಸಾಲುತ್ತಿಲ್ಲ ಎನಿಸುತ್ತದೆ. ವಾಸ್ತವದಲ್ಲಿ ಆಗ ನೀವು ಗಾಳಿಯನ್ನು ಅಗತ್ಯಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತಿರುತ್ತೀರಿ. ಈ ದಾಳಿ ಕೆಲವೇ ನಿಮಿಷಗಳಲ್ಲಿ, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ, ತನ್ನ ತುದಿ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ಅನುಭವ ಎಷ್ಟು ಭೀಕರವಾಗಿದ್ದರೂ ಅದರಿಂದ ಹೃದಯ ನಿಲ್ಲುವುದಿಲ್ಲ, ಹುಚ್ಚೂ ಹಿಡಿಯುವುದಿಲ್ಲ. ಆದರೆ ಒಂದು ಎಚ್ಚರಿಕೆ: ಸೊಪ್ಪಿನ ಹೊರೆ ಹೊತ್ತು ನಡೆಯುವಾಗಲೇ ಎದೆ ಹಿಂಡಿ, ನಿಂತರೆ ಕಡಿಮೆಯಾಗುವಂಥ ನೋವು, ಅಥವಾ ತೋಳಿಗೂ ದವಡೆಗೂ ಹರಡುವ ನೋವು ಹೊಸದಾಗಿ ಬಂದರೆ ಇದೂ ಗಾಬರಿಯೇ ಎಂದು ಸುಮ್ಮನಿರದೆ ಆಸ್ಪತ್ರೆಗೆ ಹೋಗಬೇಕು.

ದಾಳಿ ಬಂದಾಗ ಮಾಡಬೇಕಾದದ್ದು ಸಣ್ಣ ಕೆಲಸ. ‘ಜೋರಾಗಿ ಉಸಿರೆಳೆದುಕೋ’ ಎಂದು ಸುತ್ತಲಿನವರು ಹೇಳುತ್ತಾರೆ, ಅದನ್ನು ಕೇಳಬೇಡಿ. ಮೂಗಿನಿಂದ ಮೆಲ್ಲಗೆ ನಾಲ್ಕು ಎಣಿಸುವಷ್ಟು ಒಳಗೆಳೆದು, ಬಿಸಿ ಕಾಫಿಯನ್ನು ಆರಿಸುವಾಗ ಊದುವಂತೆ ತುಟಿ ಕಿರಿದಾಗಿಸಿ ಆರು ಎಣಿಸುವಷ್ಟು ಹೊರಬಿಡಿ. ಬಿಡುವ ಉಸಿರು ಉದ್ದವಾಗಿರುವುದೇ ಮುಖ್ಯ. ನಿಮಿಷಕ್ಕೆ ಆರು ಉಸಿರಿನ ಆಸುಪಾಸಿಗೆ ಬಂದು ಐದು ನಿಮಿಷ ಹಾಗೆಯೇ ಇದ್ದರೆ ಜೋಮು ಬಿಡತೊಡಗುತ್ತದೆ. ಆದರೆ ಈಜನ್ನು ಬಾವಿಗೆ ಬಿದ್ದ ದಿನ ಕಲಿಯಲಾಗುವುದಿಲ್ಲ, ಆದ್ದರಿಂದ ಏನೂ ಇಲ್ಲದ ಹೊತ್ತಿನಲ್ಲಿ, ದಿನಕ್ಕೆ ಎರಡು ಸಲ ಅಭ್ಯಾಸ ಮಾಡಿ. ನಿಮ್ಮೂರಿನಲ್ಲಿ ಭಜನೆ ಮಂಡಳಿ ಇದ್ದರೆ ವಾರಕ್ಕೊಮ್ಮೆ ಹೋಗಿ ಗಟ್ಟಿಯಾಗಿ ಹಾಡಿ. ಇದು ಭಕ್ತಿಯ ಸಲಹೆಯಲ್ಲ, ನಂಬಿಕೆ ನಿಮಗೆ ಬಿಟ್ಟದ್ದು. ಒಂದು ಸಾಲನ್ನು ಎಳೆದು ಹಾಡುವುದೆಂದರೆ ಉಸಿರನ್ನು ಉದ್ದಕ್ಕೆ ಬಿಡುವುದೇ ಆಗಿರುವುದರಿಂದ, ನಾಲ್ಕು ಜನರ ಜೊತೆ ಕೂತು ಇದೇ ಅಭ್ಯಾಸವನ್ನು ಒಂದು ಗಂಟೆ ಮಾಡಿದಂತಾಗುತ್ತದೆ.

ಉಸಿರಾಟ ಆ ಹತ್ತು ನಿಮಿಷಕ್ಕೆ ಆಸರೆಯಾಗುತ್ತದೆಯೇ ಹೊರತು ಈ ಎಂಟು ತಿಂಗಳ ತೊಂದರೆಗೆ ಅದೊಂದೇ ಪರಿಹಾರವಲ್ಲ. ನನ್ನ ಅನುಭವದಲ್ಲಿ ನಿಮ್ಮ ಕಾಯಿಲೆಗೆ ಅತಿ ಹೆಚ್ಚು ಸೊಪ್ಪು ಹಾಕುತ್ತಿರುವುದು ನೀವು ಮಾರುಕಟ್ಟೆಗೆ ಹೋಗದಿರುವುದೇ. ಬಾಮೈದನನ್ನು ಕಳುಹಿಸಿದ ದಿನ ನಿಮಗೆ ಎಷ್ಟು ನಿರಾಳವಾಗಿರಬೇಕೆಂದು ನಾನು ಊಹಿಸಬಲ್ಲೆ. ಆ ನಿರಾಳವೇ ಮೋಸ. ‘ಹೋಗಲಿಲ್ಲ, ಆದ್ದರಿಂದ ಬದುಕಿದೆ’ ಎಂದು ಮೆದುಳು ಲೆಕ್ಕ ಬರೆದುಕೊಳ್ಳುತ್ತದೆ, ಮುಂದಿನ ಸಲ ಮಾರುಕಟ್ಟೆಯ ಹೆಸರೆತ್ತಿದರೆ ಸಾಕು, ಗಂಟೆ ಬಾರಿಸುತ್ತದೆ. ಮೊದಲು ಮಾರುಕಟ್ಟೆಯಷ್ಟೇ ಇದ್ದದ್ದು ಆಮೇಲೆ ಬಸ್ಸೂ ಸೇರಿತಲ್ಲವೇ? ಬಿಟ್ಟರೆ ಮದುವೆಮನೆ, ಆಮೇಲೆ ಸಂತೆ, ಆಮೇಲೆ ಊರ ಕಟ್ಟೆಯೂ ಆ ಪಟ್ಟಿಗೆ ಸೇರುತ್ತವೆ.

ಹಾಗೆಂದು ನಾಳೆಯೇ ಗೂಡು ತುಂಬಿಕೊಂಡು ಒಬ್ಬರೇ ಹೋಗಿ ನಿಲ್ಲಿ ಎಂದು ನಾನು ಹೇಳುತ್ತಿಲ್ಲ. ಭಯವನ್ನು ಹಳೆಯ ಲೆಕ್ಕದಲ್ಲಿ ಆಣೆಗಳಲ್ಲಿ ಅಳೆಯೋಣ: ಪ್ರಾಣ ಹೋಗುತ್ತದೆ ಎನ್ನುವಂಥದ್ದು ಹದಿನಾರಾಣೆ, ಏನೂ ಇಲ್ಲದಿದ್ದರೆ ಸೊನ್ನೆ. ಮೊದಲ ವಾರ ಗೂಡಿಲ್ಲದೆ, ಬೇರೆ ಯಾವುದೋ ಕೆಲಸಕ್ಕೆಂಬಂತೆ ಶಿಡ್ಲಘಟ್ಟಕ್ಕೆ ಹೋಗಿ ಮಾರುಕಟ್ಟೆಯ ಗೇಟಿನ ಎದುರು ನಿಲ್ಲಿ. ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ, ಆಗಲಿ. ಹತ್ತಾಣೆಗೆ ಏರಿದರೆ ಹತ್ತಾಣೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಿ, ಗೂಡು ಇಳಿಸುವ ಟೆಂಪೋಗಳನ್ನು ನೋಡುತ್ತಾ ಇರಿ. ಒಂದೇ ನಿಯಮ, ಭಯ ಏರುತ್ತಿರುವಾಗ ಜಾಗ ಬಿಡಬಾರದು. ಅದು ಅರ್ಧಕ್ಕೆ, ಅಂದರೆ ಐದಾಣೆಗೆ ಇಳಿದ ಮೇಲೆಯೇ ಹೊರಡಬೇಕು. ಇಪ್ಪತ್ತು ನಿಮಿಷವಾಗಬಹುದು, ಮುಕ್ಕಾಲು ಗಂಟೆಯೂ ಆಗಬಹುದು. ಮೂರ್ನಾಲ್ಕು ಸಲ ಹೀಗೆ ನಿಂತರೆ ಗೇಟು ಬರೀ ಗೇಟಾಗಿ ಕಾಣತೊಡಗುತ್ತದೆ. ಆಮೇಲೆ ಪಕ್ಕದ ಮನೆಯವರ ಗೂಡಿನ ಲಾಟಿನ ಜೊತೆ ಒಳಗೆ ಹೋಗಿ, ತೂಕ, ಇ-ಹರಾಜು, ಗೂಡು ಕೊಂಡು ನೂಲು ತೆಗೆಯುವ ರೀಲರುಗಳ ಗದ್ದಲ ಎಲ್ಲವನ್ನೂ ನಿಮ್ಮ ದುಡ್ಡು ಅದರಲ್ಲಿಲ್ಲ ಎಂಬ ನೆಮ್ಮದಿಯಿಂದ ನೋಡಿ ಬನ್ನಿ. ಮುಂದಿನ ಬೆಳೆಗೆ ನಿಮ್ಮ ಗೂಡು, ಬಾಮೈದ ಜೊತೆಗೆ. ಅದರ ಮುಂದಿನ ಬೆಳೆಗೆ ಬಾಮೈದ ಹೊರಗೆ ಟೆಂಪೋದಲ್ಲಿರಲಿ, ನೀವು ಒಳಗೆ. ಜೇಬಿನಲ್ಲಿ ಗ್ಯಾಸಿನ ಪುಡಿ, ಕೈಯಲ್ಲಿ ನೀರಿನ ಬಾಟಲಿ, ಗೋಡೆಗೊರಗಿ ನಿಲ್ಲುವುದು, ಬಾಗಿಲ ಪಕ್ಕದಲ್ಲೇ ಜಾಗ ಹುಡುಕುವುದು, ಇಂಥ ರಕ್ಷಾಕವಚಗಳನ್ನು ಒಂದೊಂದಾಗಿ ಕಳಚಬೇಕು, ಏಕೆಂದರೆ ಅವು ಇರುವವರೆಗೂ ಉಳಿಸಿದ್ದು ಆ ಬಾಟಲಿಯೇ ಎಂದು ಮನಸ್ಸು ನಂಬಿರುತ್ತದೆ. ನಡುವೆ ಒಂದು ದಿನ ದಾಳಿ ಬಂದೇ ಬಿಟ್ಟರೆ ಮಾಡಿದ್ದೆಲ್ಲ ನೀರುಪಾಲಾಯಿತೆಂದು ತಿಳಿಯಬೇಡಿ, ಮತ್ತೊಂದು ದಿನ ಅದೇ ಮೆಟ್ಟಿಲಿನಿಂದ ಹಿಡಿಯಿರಿ.

ನಿಮ್ಮ ಭಯಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳಲಾರೆ. ನನ್ನ ತವರೂ ಹುಳು ಸಾಕುವ ಮನೆಯೇ. ಐದನೇ ಹಂತದಲ್ಲಿ ಹುಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ರಾತ್ರಿಯಿಡೀ ಕೇಳುತ್ತಿತ್ತು, ಆ ಸದ್ದು ಒಂದು ಗಳಿಗೆ ಕಡಿಮೆಯಾಯಿತೆಂದರೆ ನಮ್ಮಪ್ಪ ಎದ್ದು ಕೂರುತ್ತಿದ್ದರು. ಬೇರೆ ಬೆಳೆಯವರು ಬೆಲೆಯಿಲ್ಲವೆಂದು ನಾಲ್ಕು ದಿನ ಕಾಯಬಹುದು, ನೀವು ಕಾಯುವಂತಿಲ್ಲ, ಬಹಳ ದಿನ ಇಟ್ಟರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಹಾಲುತೊಂಡೆಯೋ ಸಪ್ಪೆ ರೋಗವೋ ಬಿದ್ದರೆ ಹುಳು ಗೂಡು ಕಟ್ಟುವ ಚಂದ್ರಿಕೆಗೆ ಏರಬೇಕಾದ ಬೆಳೆ ತಿಪ್ಪೆಗೆ ಹೋಗುತ್ತದೆ. ಇಂಥ ಕಸುಬಿನಲ್ಲಿ ಎಚ್ಚರ ಬೇಕು. ಆದರೆ ಎಚ್ಚರಕ್ಕೂ ಆತಂಕಕ್ಕೂ ನಡುವೆ ಗೆರೆ ಎಳೆಯುವ ಒಂದು ಪ್ರಶ್ನೆಯಿದೆ: ಈ ಯೋಚನೆಯ ಹಿಂದೆ ನಾಳೆ ಬೆಳಿಗ್ಗೆ ಮಾಡಬಹುದಾದ ಒಂದು ಕೆಲಸವಿದೆಯೇ?

ಅದಕ್ಕಾಗಿ ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಇಪ್ಪತ್ತು ನಿಮಿಷವನ್ನು ಚಿಂತೆಗೆಂದೇ ಮೀಸಲಿಡಿ, ಮಗಳ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ‘ಕೊನೆಯ ಮೂರು ದಿನಕ್ಕೆ ಸೊಪ್ಪು ಸಾಲದಿದ್ದರೆ?’ ಎಂಬ ಚಿಂತೆಯ ಹಿಂದೆ ಕೆಲಸವಿದೆ, ಯಾರ ತೋಟದಲ್ಲಿ ಸೊಪ್ಪು ಕೊಳ್ಳಬಹುದೆಂದು ಎರಡು ಹೆಸರು ಬರೆದು ನಾಳೆ ಮಾತಾಡಿ. ‘ನಮ್ಮ ಗೂಡು ಹೋಗುವ ದಿನವೇ ಬೆಲೆ ಬಿದ್ದರೆ?’ ಎಂಬುದರ ಹಿಂದೆ ಕೆಲಸವಿಲ್ಲ, ಅದನ್ನು ಬರೆದು ಪುಸ್ತಕ ಮುಚ್ಚಿ. ಹಗಲಿನಲ್ಲಿ ಅದೇ ಯೋಚನೆ ಬಂದರೆ ‘ಸಂಜೆ ಬಾ’ ಎಂದು ಕಳುಹಿಸಿ. ಕೇಳಲು ಮಕ್ಕಳಾಟವೆನಿಸಬಹುದು, ಆದರೆ ಇದು ಮನಶ್ಶಾಸ್ತ್ರಜ್ಞರು ನಿತ್ಯ ಹೇಳಿಕೊಡುವ ವಿಧಾನ, ಎರಡು ಮೂರು ವಾರ ಬಿಡದೆ ಮಾಡಿದರೆ ಫಲ ಕಾಣುತ್ತದೆ. ಇದರ ಜೊತೆಗೆ ವಾಟ್ಸಾಪ್ ಗುಂಪಿನಲ್ಲಿ ಗೂಡಿನ ಬೆಲೆ ನೋಡುವುದನ್ನು, ಬೆಳೆ ಇನ್ನೂ ಎರಡನೇ ಜ್ವರದಲ್ಲಿರುವಾಗ, ಪೂರ್ತಿ ನಿಲ್ಲಿಸಬಹುದು. ಇಂದಿನ ಬೆಲೆಯಲ್ಲಿ ನೀವು ಮಾರುವುದೇ ಇಲ್ಲವಲ್ಲ.

ರಾತ್ರಿಯ ಟಾರ್ಚಿನ ವಿಷಯವೂ ಹೀಗೆಯೇ. ಕೊನೆಯ ಸೊಪ್ಪು ಹಾಕುವಾಗ ಹವೆಗೆ ತಕ್ಕಂತೆ ಕಿಟಕಿ, ಪರದೆ, ತೇವ ಎಲ್ಲವನ್ನೂ ಒಂದು ಸಲ ನೋಡಿ ಮುಗಿಸಿ, ಆಮೇಲೆ ಬೆಳಗಿನವರೆಗೆ ಹುಳುಮನೆಯ ಬಾಗಿಲು ತೆರೆಯಬೇಡಿ. ಮೂರು ಗಂಟೆಗೆ ಎಚ್ಚರವಾದರೆ ಹೊರಳಾಡುತ್ತಾ ಮಲಗಿರುವುದಕ್ಕಿಂತ, ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಬಾರದಿದ್ದರೆ, ಎದ್ದು ಪಡಸಾಲೆಯಲ್ಲಿ ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಹೋಗಿ. ಫೋನು ಕೈಗೆ ಬರಬಾರದು. ಹಗಲು ಎಷ್ಟು ಟೀ ಕುಡಿಯುತ್ತೀರೆಂದು ನೀವು ಬರೆದಿಲ್ಲ, ರೇಷ್ಮೆ ಮನೆಗಳಲ್ಲಿ ಅದಕ್ಕೆ ಲೆಕ್ಕವಿರುವುದಿಲ್ಲ ಎಂಬುದು ನನಗೆ ಗೊತ್ತು. ಕೆಫೀನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಅದೇ ಎದೆ ಬಡಿತವನ್ನೂ ಹೆಚ್ಚಿಸುತ್ತದೆ. ಮಧ್ಯಾಹ್ನದ ಊಟದ ನಂತರ ಟೀ, ಕಾಫಿ ಬೇಡ.

ಆ ಸಣ್ಣ ಮಾತ್ರೆಯ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ, ನಿಮ್ಮ ಮೇಲಲ್ಲ, ಚೀಟಿಯಿಲ್ಲದೆ ಕೊಟ್ಟವರ ಮೇಲೆ. ಅದರ ಹೆಸರು ನೀವು ಬರೆದಿಲ್ಲ, ಆದರೆ ನಿದ್ದೆಗೂ ಗಾಬರಿಗೂ ಹೀಗೆ ಕೈಬದಲಾಗುವ ಮಾತ್ರೆಗಳಲ್ಲಿ ಅನೇಕವು ಕೆಲವೇ ವಾರಗಳಲ್ಲಿ ಚಟವಾಗುವ ಜಾತಿಯವು, ಮದ್ಯದ ಜೊತೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸುವಂಥವು. ಎರಡನ್ನೂ ಒಂದೇ ರಾತ್ರಿ ಎಂದಿಗೂ ತೆಗೆದುಕೊಳ್ಳಬೇಡಿ. ಹಾಗೆಂದು ನಿತ್ಯ ನುಂಗುತ್ತಿದ್ದುದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಆ ಮಾತ್ರೆಯ ಸ್ಟ್ರಿಪ್ಪನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಇಳಿಸುತ್ತಾ ಬನ್ನಿ. ಕುಡಿತ ನಿದ್ದೆ ತರುತ್ತದೆ ನಿಜ, ಆದರೆ ಅದರ ಅಮಲು ಇಳಿಯುವ ಹೊತ್ತಿಗೇ ನಿದ್ದೆ ಒಡೆದು ಎದೆ ಬಡಿದುಕೊಳ್ಳುತ್ತದೆ. ನಿಮ್ಮ ಮೂರು ಗಂಟೆಯ ಎಚ್ಚರಕ್ಕೆ ಇದೂ ಒಂದು ಕಾರಣವಿರಬಹುದು.

ವೈದ್ಯರ ಬಳಿ ಹೋಗುವುದು ನಿಮಗೆ ಎಲ್ಲಕ್ಕಿಂತ ಕಷ್ಟದ ಮಾತು. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೂ ನಿಗದಿತ ದಿನ, ಹೆಚ್ಚಾಗಿ ಮಂಗಳವಾರ, ಬರುತ್ತಾರೆ, ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೋಗಿ. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಲು ಕೇಳಿ, ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೆಯೇ ಬಡಿಯುತ್ತದೆ. ಅವರು ಬಹುಶಃ ಮಾತಿನ ಚಿಕಿತ್ಸೆ, ಅಗತ್ಯ ಕಂಡರೆ ಮಾತ್ರೆ ಹೇಳುತ್ತಾರೆ. ಆತಂಕಕ್ಕೆ ತಿಂಗಳುಗಟ್ಟಲೆ ಕೊಡುವ ಮುಖ್ಯ ಮಾತ್ರೆಗಳು ಹಲವರು ಹೆದರುವ ಹಾಗೆ ಚಟವಾಗುವಂಥವಲ್ಲ. ಆದರೆ ಅವು ಕೆಲಸ ಶುರುಮಾಡಲು ಎರಡರಿಂದ ಆರು ವಾರ ಬೇಕು, ಹತ್ತು ದಿನ ನುಂಗಿ ಗುಣವಿಲ್ಲವೆಂದು ಬಿಡುವವರೂ, ಗುಣವಾಯಿತೆಂದು ತಾವೇ ನಿಲ್ಲಿಸುವವರೂ ಇಬ್ಬರೂ ಮತ್ತೆ ಮೊದಲಿನಲ್ಲಿಗೆ ಬರುತ್ತಾರೆ.

ಊರವರ ಬಾಯಿಯ ಬಗ್ಗೆ ಹೇಳುವುದಾದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡುವುದು ಆಸ್ಪತ್ರೆಯ ಕರ್ತವ್ಯ. ಜಿಲ್ಲಾ ಆಸ್ಪತ್ರೆಯ ಸಾಲಿನಲ್ಲಿ ಶುಗರಿಗೆ ಬಂದವರು, ಬಿಪಿಗೆ ಬಂದವರು, ನೀವು ಎಲ್ಲರೂ ಒಂದೇ ಬೆಂಚಿನಲ್ಲಿ ಕೂತಿರುತ್ತೀರಿ. ಮಗಳು ಇನ್ನೂ ಹತ್ತನೇ ತರಗತಿ. ಅವಳ ಸಂಬಂಧದ ಮಾತು ಬರುವ ಕಾಲಕ್ಕೆ ಜನ ಕೇಳುವುದು ಅಪ್ಪ ಯಾವ ಡಾಕ್ಟರ ಬಳಿ ಹೋಗಿದ್ದನೆಂದೋ, ಅಪ್ಪ ದಿನಾ ಕುಡಿಯುತ್ತಾನೆಂದೋ, ನೀವೇ ಯೋಚಿಸಿ. ನಿಮ್ಮ ತಾಯಿಯವರು ದೃಷ್ಟಿ ತೆಗೆಯುತ್ತೇನೆಂದರೆ ತೆಗೆಯಲಿ, ಅದರಿಂದ ಅವರಿಗೆ ಸಮಾಧಾನ. ಆದರೆ ಅದು ಆಸ್ಪತ್ರೆಯ ಬದಲಿಗೆ ಆಗಬಾರದು.

ಕೊನೆಗೆ ನಿಮ್ಮ ಮನೆಯವರ ಮಾತು. ಎಂಟು ತಿಂಗಳಿಂದ ನೀವು ಹೊತ್ತಿರುವುದು ಎರಡು ಹೊರೆ: ಒಂದು ಸಾಲ, ಇನ್ನೊಂದು ಆ ಸಾಲವನ್ನು ಮುಚ್ಚಿಡುವ ಕೆಲಸ. ಮೊದಲನೆಯದು ಬೆಳೆಯಿಂದ ಬೆಳೆಗೆ ಮೆಲ್ಲಗೆ ಇಳಿಯಬೇಕು, ಎರಡನೆಯದನ್ನು ಇಂದು ಸಂಜೆಯೇ ಇಳಿಸಬಹುದು. ಯಾರಿಗೆ ಎಷ್ಟು, ಬಡ್ಡಿ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು, ತಾಯಿ ಮತ್ತು ಮಗಳು ಮಲಗಿದ ಮೇಲೆ ಹೆಂಡತಿಯ ಮುಂದಿಡಿ. ಮಾತು ಹೊರಡದಿದ್ದರೆ ಇಷ್ಟು ಸಾಕು: “ನಿನ್ನ ಹತ್ರ ಒಂದು ವಿಷಯ ಮುಚ್ಚಿಟ್ಟಿದ್ದೀನಿ. ಬೋರ್‌ವೆಲ್ ಸಾಲ ನಾನು ಹೇಳಿದ್ದಕ್ಕಿಂತ ಜಾಸ್ತಿ ಇದೆ. ಅದನ್ನ ಹೇಳೋಕಾಗ್ದೆ ಎದೆ ಹಿಂಗೆ ಹೊಡ್ಕೊಳ್ತಿದೆ.” ಅವರು ಸಿಟ್ಟಾಗುತ್ತಾರೆ, ಆಗಬೇಕಾದ್ದೇ. ಎರಡು ದಿನ ಮಾತು ಬಿಡಲೂಬಹುದು. ಆದರೆ ಹುಳುಮನೆಯಲ್ಲಿ ನಿಮ್ಮಷ್ಟೇ ಸೊಪ್ಪು ಹಾಕುವ, ಚಂದ್ರಿಕೆಗೆ ಹಣ್ಣು ಹುಳು, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು, ಆರಿಸುವ ಕೈ ಅವರದು, ಲೆಕ್ಕದಿಂದ ಅವರನ್ನು ಹೊರಗಿಟ್ಟು ಈ ಕಸುಬು ಒಬ್ಬರಿಂದ ನಡೆಯುವುದಿಲ್ಲ. ಬ್ಯಾಂಕಿನ ಭಾಗಕ್ಕೆ ಕಂತು ಬದಲಿಸಲು ಸಾಧ್ಯವೇ ಎಂದು ಇಬ್ಬರೂ ಸೇರಿ ಹೋಗಿ ಕೇಳಿ, ಕೈಸಾಲದಲ್ಲಿ ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸುವ ಯೋಚನೆ ಮಾಡಿ.

ಸೆಕ್ಯುರಿಟಿ ಕೆಲಸದ ಬಗ್ಗೆ ಒಂದೇ ಮಾತು. ಅಲ್ಲಿ ಹೆಚ್ಚಾಗಿ ಸಿಗುವುದು ರಾತ್ರಿ ಪಾಳಿ, ನಿಮಗೀಗ ಎಲ್ಲಕ್ಕಿಂತ ಮೊದಲು ಬೇಕಾಗಿರುವುದು ರಾತ್ರಿಯ ನಿದ್ದೆ. ಮುಂದಿನ ಚಾಕಿ, ಅಂದರೆ ಎಳೆ ಹುಳು, ಮನೆಗೆ ಬರುವುದರೊಳಗೆ ಮನೆಯವರ ಜೊತೆ ಮಾತು ಮತ್ತು ಮಂಗಳವಾರದ ಆಸ್ಪತ್ರೆ ಎರಡನ್ನೂ ಮುಗಿಸಿಕೊಳ್ಳಿ. ಎರಡು ಬೆಳೆ ಮಾರಿದ ಮೇಲೂ ರೇಷ್ಮೆ ಬೇಡವೆನಿಸಿದರೆ, ಆಗ ಲೆಕ್ಕದ ಹಾಳೆ ಜೊತೆಗಿಟ್ಟು ಬರೆಯಿರಿ.